ತಂತಿ ಆಟದ ಮಳೆಗಾಲ

ಹೋದ ಆಗಸ್ಟ್‌ನಲ್ಲಿ ಮಡಿಕೇರಿ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಪಿರಿಯಾಪಟ್ಟಣ ದಾಟಿದ ಮೇಲೆ ಮಳೆ ಒಂದು ಗಳಿಗೆ ಬಿಡುವು ಕೊಟ್ಟಿತು. ಯಾರೋ ಗಾಜು ಸರಿಸಿದರು, ಹೊಗೆಸೊಪ್ಪು ಬೇಯುವ ವಾಸನೆ ಒಳಕ್ಕೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು “ಎಷ್ಟು ಚೆಂದದ ವಾಸನೆ, ಏನಿದು?” ಎಂದು ಗಂಡನನ್ನು ಕೇಳಿದಳು. ಬೆಲ್ಲದ ಪಾಕದ ಹಾಗೆ ಬೆಚ್ಚಗೆ ಗಂಟಲಲ್ಲಿ ಕೂರುವ ವಾಸನೆ ಅದು, ಚೆಂದವೇ ಹೌದು. ನನಗೆ ಮಾತ್ರ ಅಂಗೈ ಬೆವರಿತು. ಆ ವಾಸನೆ ಮೂಗಿಗೆ ಬಡಿದರೆ ಈಗಲೂ ಎದೆ ಡವಗುಟ್ಟುತ್ತದೆ. ಯಾರೋ ಖಾಕಿಯವರು ರೇನ್‌ಕೋಟು ಕೊಡವಿಕೊಂಡು ಬಾಗಿಲಿಗೆ ಬಂದು ನಿಂತ ಹಾಗಾಗುತ್ತದೆ.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿದ್ದ ಕಾಲ. ನಾನು ಬಿ.ಎ. ಎರಡನೇ ವರ್ಷದ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಕುಶಾಲನಗರದ ಈಚೆ ದಡದ ಕೊಪ್ಪದಲ್ಲಿ ಸೋದರಮಾವನ ಎಸ್‌ಟಿಡಿ ಬೂತು ನೋಡಿಕೊಳ್ಳುತ್ತಿದ್ದೆ. ಮಾವನಿಗೆ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಒಂದು ಬ್ಯಾರನ್ನು. ಮಳೆಗಾಲದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ ಏರಿಸಿ, ಬೆಂಕಿ ಹಾಕಿದರೆ ಅದರ ಮುಂದಿನಿಂದ ಅಲ್ಲಾಡುವ ಹಾಗಿಲ್ಲ. ಹಾಗಾಗಿ ಬೂತು ಪೂರ್ತಿ ನನ್ನ ಪಾಲಿಗೆ ಬಂತು. “ಪೋನ್ ಕಾಯಾಕೆ ಅಷ್ಟೊಂದು ಇಂಗ್ಲಿಸ್ ಯಾಕವ್ವ, ಬುಡು” ಎಂದು ಮಾವ ಸಮಾಧಾನ ಹೇಳಿದ್ದರು. ಅದು ಸಮಾಧಾನವೋ ಚುಚ್ಚುಮಾತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಒಂದು ಗಾಜಿನ ಗೂಡು, ಬಿಲ್ಲು ಕಾರುವ ಒಂದು ಡಬ್ಬಿ, ಒಂದು ಮೇಜು, ಒಂದು ಸ್ಟೂಲು, ಒಂದು ಮರದ ಬೆಂಚು, ಅಷ್ಟೇ ಬೂತು. ಮನೆಗೆ ಫೋನಿಲ್ಲದವರು ನೆಂಟರಿಷ್ಟರಿಗೆಲ್ಲ ನಮ್ಮ ನಂಬರನ್ನೇ ಕೊಟ್ಟು ಪಕ್ಕದಲ್ಲಿ ‘ಪಿಪಿ’ ಎಂದು ಬರೆಸುತ್ತಿದ್ದರು. ಕರೆ ಬಂದರೆ “ಅರ್ಧ ಗಂಟೆ ಬಿಟ್ಟು ಮಾಡಿ” ಎಂದು ಹೇಳಿ, ಆ ಮನುಷ್ಯರನ್ನು ಹುಡುಕಿ ಕರೆಸುವುದು ನನ್ನ ಕೆಲಸ. ಹಾಗೆ ನಂಬರು ಕೊಟ್ಟವರಲ್ಲಿ ಹೆಡ್ ಕಾನ್‌ಸ್ಟೆಬಲ್ ಪುಟ್ಟಸ್ವಾಮಿಯವರೂ ಒಬ್ಬರು. ಸಂತೆಮಾಳದ ಅಂಚಿನಲ್ಲಿ ಆಗ ಎರಡು ಕೋಣೆಯ ಒಂದು ಹೊರಠಾಣೆ ಇತ್ತು, ಅಲ್ಲಿದ್ದವರು. ಊರು ಎಚ್.ಡಿ. ಕೋಟೆ. ಸಂಸಾರದ ಫೋನು ಠಾಣೆಗೆ ಬರಬಾರದು ಎಂಬುದು ಅವರ ನೇಮ. ದನಿ ಬಹಳ ಮೆತ್ತಗೆ. ಜೋರು ಮಾಡುವ ಪೊಲೀಸರನ್ನು ಕಂಡರೆ ನನಗೆ ಅಷ್ಟು ಹೆದರಿಕೆ ಇರಲಿಲ್ಲ, ಇವರನ್ನು ಕಂಡರೆ ಇತ್ತು.

ತೆಂಜಿನ್ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಹುಡುಗ, ನನ್ನದೇ ವಯಸ್ಸು. ಚಳಿಗಾಲದಲ್ಲಿ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸ್ವೆಟರು ಮಾರುವುದು, ಮಳೆಗಾಲದಲ್ಲಿ ಅವ್ವನ ಜೊತೆ ಜೋಳದ ಹೊಲ. ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಿದ್ದ. ಮಹೇಶ ಭೇರ್ಯದ ಕಡೆಯ ಗದ್ದೆವಂತರ ಮನೆಯವನು. ನಮ್ಮ ಬೂತಿನ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಇದ್ದದ್ದು ಒಂದೇ ಕಂಪ್ಯೂಟರು, ಅದಕ್ಕೆ ಹೂವಿನ ಬಟ್ಟೆ ಹೊದಿಸಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂದು ಬೋರ್ಡು ಹಾಕಿದ್ದ. ಮಳೆಗೆ ಕರೆಂಟು ಹೋಯಿತೆಂದರೆ ಮೇಷ್ಟ್ರು ಕೆಳಗಿಳಿದು ಬಂದು ನಮ್ಮ ಬೆಂಚು ಹಿಡಿಯುತ್ತಿದ್ದ.

ಆ ಜೂನಿನಲ್ಲಿ ತೆಂಜಿನ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಏಳೆಂಟು ಜೆರಾಕ್ಸ್ ಹಾಳೆ ತಂದ. ಕ್ಯಾಂಪಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಬಂದಿದ್ದ ವಿದೇಶದ ಹುಡುಗನೊಬ್ಬ ಊರಿಗೆ ಹೋಗುವಾಗ ಕೊಟ್ಟು ಹೋಗಿದ್ದನಂತೆ. ಅದೊಂದು ಆಟ. ಮಣೆ ಇಲ್ಲ, ಕಾಯಿ ಇಲ್ಲ, ಎಲ್ಲ ಬಾಯಲ್ಲೇ. ಒಬ್ಬ ಆಡಿಸುವವನು ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗಿನ ಮನುಷ್ಯರಾಗಿ “ನಾನು ಹೀಗೆ ಮಾಡ್ತೀನಿ” ಎನ್ನಬೇಕು, ದಾಳ ಹಾಕಬೇಕು. ಮುಂದೆಂದೋ ಬರುವ ಒಂದು ಮಹಾನಗರ, ಅಲ್ಲಿ ಯಾವಾಗಲೂ ಮಳೆ. ಎಲ್ಲವೂ ಕಂಪನಿಗಳ ಸ್ವತ್ತು, ಮನುಷ್ಯರಿಗೆಲ್ಲ ಒಂದೊಂದು ನಂಬರು. ನಂಬರಿಲ್ಲದವನು ಅಲ್ಲಿ ಮನುಷ್ಯನೇ ಅಲ್ಲ. ಟೆಲಿಫೋನ್ ತಂತಿಯೊಳಗಿಂದ ನುಗ್ಗಿ ಕಂಪನಿಯ ಯಂತ್ರಗಳನ್ನು ಒಡೆಯುವ ಹ್ಯಾಕರುಗಳು ನಾವು.

“ಹ್ಯಾಕರ್ ಅಂದ್ರೆ?” ಎಂದೆ.

“ಕಂಪ್ಯೂಟರಿಗೆ ಕನ್ನ ಹಾಕೋನು” ಎಂದ ಮಹೇಶ, ತಾನೇ ದಿನಾ ಹಾಕುವವನ ಹಾಗೆ.

ಆ ಆಟದ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ನಿಲ್ಲಲಿಲ್ಲ, ತಂತಿ ಆಟ ಎಂದೆವು. ದಾಳವೂ ಇರಲಿಲ್ಲ. ನಾನು ಹುಣಸೆ ಬೀಜ ತಂದು, ಚೌಕಾಬಾರಕ್ಕೆ ಮಾಡುವ ಹಾಗೆ ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳುಪು ಮಾಡಿ, ನಾಲ್ಕು ಬೀಜ ಸಿದ್ಧ ಮಾಡಿದೆ. ಬಿಳುಪು ಹೆಚ್ಚು ಬಿದ್ದರೆ ಅಂದುಕೊಂಡದ್ದು ಆಯಿತು. ನಾಲ್ಕೂ ಕಪ್ಪು ಬಿದ್ದರೆ ಭಯ ಬಂತು. ಯಾಕೆಂದರೆ ಆಟದ ಮೊದಲನೇ ನಿಯಮವೇ ಅದು: ಪ್ರತಿಯೊಬ್ಬನೂ ತನಗೆ ಬರುವ ಒಂದು ಕೆಲಸ ಹೇಳಬೇಕು, ತನ್ನ ಒಂದು ಭಯ ಹೇಳಬೇಕು. ಕಪ್ಪು ಬಿದ್ದಾಗ ಆಡಿಸುವವನು ಆ ಭಯವನ್ನು ನಿಜ ಮಾಡಿ ಕತೆ ಮುಂದುವರಿಸಬೇಕು, ಅದನ್ನು ಬಿಡುವಂತಿಲ್ಲ. ಆಡಿಸುವವನು ಮಾತ್ರ ಭಯ ಹೇಳಬೇಕಾಗಿಲ್ಲ. ಇಂಗ್ಲಿಷ್ ಓದಲು ಬರುತ್ತಿದ್ದದ್ದು ತೆಂಜಿನ್‌ಗೇ ಆದ್ದರಿಂದ ಅವನೇ ಆಡಿಸುವವನಾದ.

ಮಹೇಶ ತನ್ನ ಭಯ ಕರೆಂಟು ಹೋಗುವುದು ಎಂದ. ನಾನು ಹಾವು ಎಂದೆ. “ಅದೆಲ್ಲ ಬ್ಯಾಡ, ನಿಜ್ವಾದ್ದು ಹೇಳು” ಎಂದ ತೆಂಜಿನ್. ಗಾಜಿನ ಗೂಡಿನೊಳಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಹೊರಗಿನವರಿಗೆ ನನ್ನ ಕೂಗು ಕೇಳದೆ ಹೋಗುವುದು ಎಂದೆ. ಹೇಳಿದ ಮೇಲೆ, ಯಾಕೆ ಹೇಳಿದೆನೋ ಅನ್ನಿಸಿತು.

ಹಾಳೆಯಲ್ಲಿದ್ದ ನಗರದ ಹೆಸರು, ಬೀದಿಗಳ ಹೆಸರು ನಮಗೆ ಹಿಡಿಯಲಿಲ್ಲ. ಕಣ್ಣಿಗೆ ಕಾಣದ ಊರಿನಲ್ಲಿ ಕನ್ನ ಹಾಕುವುದು ಹೇಗೆ? ಅದಕ್ಕೇ ಆ ನಗರವನ್ನು ನಮ್ಮೂರಿಗೇ ತಂದೆವು. ಹುಣಸೂರಿನಿಂದ ಕೊಪ್ಪದವರೆಗೆ ಒಂದೇ ಪಟ್ಟಣ, ಲಕ್ಷ್ಮಣತೀರ್ಥದ ಮೇಲೆ ಹಾರುವ ಬಸ್ಸು, ಮಳೆಯನ್ನೂ ಕೊಂಡುಕೊಂಡಿರುವ ಒಂದು ಸೊಪ್ಪಿನ ಕಂಪನಿ. ಹರಾಜಿನಲ್ಲಿ ಸೊಪ್ಪಿಗೆ ಗ್ರೇಡು ಹಾಕುವ ಹಾಗೆ ಆ ಕಂಪನಿ ಮನುಷ್ಯರಿಗೆ ಗ್ರೇಡು ಹಾಕುತ್ತದೆ, ಕೆಳಗಿನ ಗ್ರೇಡಿನವರನ್ನು ಕಾವೇರಿಯಾಚೆ ಅಟ್ಟುತ್ತದೆ. ನಮ್ಮ ಗುರಿ ಆ ಗ್ರೇಡುಗಳನ್ನು ಅಳಿಸಿ ಹಾಕುವುದು. ಕಂಪನಿಯ ಯಂತ್ರಕ್ಕೆ ಹೋಗುವ ಕೇಬಲ್ಲು ಎಲ್ಲಿದೆ ಎಂದು ತೆಂಜಿನ್ ಕೇಳಿದಾಗ ನಾವಿಬ್ಬರೂ ಒಟ್ಟಿಗೆ ಕೊಪ್ಪದ ಕಾವೇರಿ ಸೇತುವೆಯನ್ನೇ ಹೇಳಿದೆವು. ಅದರ ಪಕ್ಕದಲ್ಲಿ ಕೊಳವೆಯೊಳಗೆ ಕೇಬಲ್ಲು ಹೋಗುವುದನ್ನು ದಿನಾ ನೋಡುತ್ತಿದ್ದೆವಲ್ಲ.

ಎಂಥ ಆಟ ಅದು! ಗಿರಾಕಿ ಇಲ್ಲದ ಮಧ್ಯಾಹ್ನಗಳು, ತಗಡಿನ ಮೇಲೆ ಮಳೆ, ಮಧ್ಯೆ ತೆಂಜಿನ್‌ನ ತಗ್ಗಿದ ದನಿ. ಕಂಪನಿಯ ಕಾವಲುಗಾರನಾಗಿ ಅವನೇ ಗದರುವನು, ಮುದುಕಿಯಾಗಿ ಅವನೇ ಅಳುವನು. ನನಗೆ ಬರುವ ಕೆಲಸ ದನಿ ಬದಲಿಸುವುದು. ಯಾವ ಸಾಹೇಬನ ದನಿಯಲ್ಲಾದರೂ ಫೋನಿನಲ್ಲಿ ಮಾತಾಡಿ ಬಾಗಿಲು ತೆಗೆಸುತ್ತಿದ್ದೆ. ಒಂದು ಸಲ ನಾಲ್ಕೂ ಕಪ್ಪು ಬಿತ್ತು. “ನಿನ್ ಹಿಂದೆ ಬಾಗ್ಲು ಹಾಕ್ಕೋತು ಸವಿತಾ” ಎಂದ ತೆಂಜಿನ್. “ಕೂಗ್ತೀಯ. ಆಚೆ ಜನ ನಗ್ತಾ ಓಡಾಡ್ತಾವ್ರೆ. ನಿನ್ ಉಸ್ರು ಗಾಜಿನ ಮೇಲೆ ಕೂರ್ತಾ ಅದೆ.” ನಾನು ಹಿಂದಿದ್ದ ಬೂತಿನ ಗೂಡನ್ನು ತಿರುಗಿ ನೋಡಿದೆ. ಆಮೇಲೆ ಎರಡು ದಿನ ಅದರ ಒಳಗೆ ಕಸ ಗುಡಿಸಲೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಆ ಗೂಡಿನೊಳಗೆ ಜವರೇಗೌಡರಿದ್ದರು. ಪಕ್ಕದ ಹಳ್ಳಿಯ ಹಿರಿಯರು, ವಾರಕ್ಕೊಮ್ಮೆ ಮಗಳಿಗೆ ಫೋನು ಮಾಡಲು ಬರುವವರು, ಇರುವೆಗೂ ದಾರಿ ಬಿಡುವಷ್ಟು ಅಂಜುಬುರುಕರು. ಮಗಳ ಮನೆಯ ಲೈನು ಸಿಗಲೆಂದು, ಬಾಗಿಲು ಅರ್ಧ ತೆರೆದಿಟ್ಟುಕೊಂಡೇ ರಿಸೀವರ್ ಹಿಡಿದು ಕಾಯುತ್ತಿದ್ದರು. ನಾವು ಆಟದ ಭರದಲ್ಲಿ ಅವರಿದ್ದುದನ್ನೇ ಮರೆತೆವು.

“ಸೇತುವೆ ಕೆಳಕ್ಕೆ ಇಳೀತೀನಿ. ಕೇಬಲ್ ಕಡೀತೀನಿ” ಎಂದ ಮಹೇಶ.

“ಒಬ್ನೇ ಆಗಲ್ಲ. ಮಳೆ ಜೋರಾಗಿರೋ ದಿನ ನೋಡ್ಕೊ” ಎಂದ ತೆಂಜಿನ್. “ಕೊಪ್ಪದ ಪೋನೆಲ್ಲ ಸತ್ತೋಗ್ಬೇಕು, ಆಗ್ಲೇ ನಮ್ ದಾರಿ ತೆಗ್ಯೋದು.”

“ಪೊಲೀಸ್ ಬಂದ್ರೆ?” ಎಂದೆ ನಾನು.

“ಬಂದ್ರೆ ಬರ್ಲಿ, ಮುಗಿಸ್ಬುಡಾನ” ಎಂದ ಮಹೇಶ.

ಜವರೇಗೌಡರು ಮಗಳ ಹತ್ತಿರ ಮಾತಾಡದೆಯೇ ಹೊರಗೆ ಬಂದು, ಲೈನು ಸಿಗಲಿಲ್ಲ ಎಂದು ಕೊಡೆ ಬಿಚ್ಚಿಕೊಂಡು ಹೋದರು. ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದೆ. ಮಗಳ ಮನೆಯಲ್ಲಿ ಏನೋ ತಾಪತ್ರಯ ಇರಬೇಕು ಅಂದುಕೊಂಡೆ.

ಅದಾದ ಮುಂದಿನ ವಾರ ಒಂದು ಬೆಳಿಗ್ಗೆ ಬಂದು ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ತಟ್ಟಿದೆ, ಊದಿದೆ, ತಂತಿ ಅಲ್ಲಾಡಿಸಿದೆ. ಇಡೀ ಕೊಪ್ಪದಲ್ಲಿ ಫೋನಿಲ್ಲ ಎಂದು ಎದುರಿನ ಅಂಗಡಿಯವರು ಹೇಳಿದರು. ಸೇತುವೆಯ ಪಕ್ಕದ ಕೇಬಲ್ಲನ್ನು, ತಾಮ್ರದಾಸೆಗೆ, ರಾತ್ರಿಯ ಜೋರು ಮಳೆಯಲ್ಲಿ ಯಾರೋ ಕಡಿದು ಎಳೆದುಕೊಂಡು ಹೋಗಿದ್ದರು.

ನಾವು ಮೂವರೂ ಬೆಂಚಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದೇ ಸೇತುವೆ, ಅಂಥದೇ ಮಳೆ. “ನಾವ್ ಅಂದಿದ್ದೇ ಆಯ್ತಲ್ಲೋ” ಎಂದ ಮಹೇಶ. ನಗಬೇಕೆಂದು ಬಾಯಿ ತೆಗೆದೆ, ನಗು ಬರಲಿಲ್ಲ. ತೆಂಜಿನ್ ಒಬ್ಬನೇ ಬೇರೆಯದನ್ನು ಯೋಚಿಸುತ್ತಿದ್ದ. “ನಾವ್ ಅಂದಿದ್ನ ಯಾರಾರ ಕೇಳಿಸ್ಕೊಂಡವ್ರಾ?” ಎಂದು ಕೇಳಿದ. ಆಗ ನನಗೆ ಜವರೇಗೌಡರ ಮುಖ ಕಣ್ಣ ಮುಂದೆ ಬಂತು.

ತೆಂಜಿನ್‌ಗೆ ಯಾಕೆ ನಮಗಿಂತ ಹೆಚ್ಚು ಹೆದರಿಕೆ ಎಂಬುದನ್ನು ಹೇಳಬೇಕು. ಅವನು ಹುಟ್ಟಿದ್ದು ಇಲ್ಲೇ, ಬೈಲಕುಪ್ಪೆಯ ಆಸ್ಪತ್ರೆಯಲ್ಲಿ. ಆದರೂ ಸರ್ಕಾರದ ಲೆಕ್ಕದಲ್ಲಿ ಪರದೇಶಿ. ಅವನ ಹತ್ತಿರ ಫೋಟೋ ಅಂಟಿಸಿದ ಒಂದು ಪುಸ್ತಕವಿತ್ತು, ಆರ್‌ಸಿ ಎನ್ನುತ್ತಿದ್ದರು. ಅದನ್ನು ಕಾಲಕಾಲಕ್ಕೆ ಪೊಲೀಸರ ಹತ್ತಿರ ಹೊಸದು ಮಾಡಿಸಿಕೊಳ್ಳಬೇಕು. ದೂರದ ಊರಿಗೆ ಹೋಗಿ ನಿಲ್ಲಬೇಕಾದರೆ ಅದನ್ನು ತೋರಿಸಬೇಕು. ಅದಿಲ್ಲದಿದ್ದರೆ ಸ್ವೆಟರಿಲ್ಲ, ಹುಬ್ಬಳ್ಳಿಯಿಲ್ಲ, ಬಸ್ಸಿನಲ್ಲಿ ಯಾರಾದರೂ ಯಾರು ನೀನು ಎಂದರೆ ಉತ್ತರವೂ ಇಲ್ಲ. ಹೆಸರಿನ ಮುಂದೆ ಪೊಲೀಸರ ಒಂದು ಕೆಂಪು ಗೆರೆ ಬಿದ್ದರೆ ಮುಗಿಯಿತು. ನಂಬರಿಲ್ಲದ ಮನುಷ್ಯನ ಕತೆಯನ್ನು ಅವನು ಅಷ್ಟು ಚೆನ್ನಾಗಿ ಹೇಗೆ ಹೇಳುತ್ತಾನೆ ಎಂದು ನಾನು ಬೆರಗಾಗಿದ್ದೆನಲ್ಲ, ದಡ್ಡಿ.

ಫೋನು ಸತ್ತು ಮೂರೋ ನಾಲ್ಕೋ ದಿನವಾಗಿತ್ತು. ಜನ ಸೇತುವೆ ದಾಟಿ ಕುಶಾಲನಗರಕ್ಕೆ ಹೋಗಿ ಫೋನು ಮಾಡುತ್ತಿದ್ದರು. ಮಧ್ಯಾಹ್ನ ಮಳೆಯೊಳಗೆ ಹೆಡ್ ಸಾಹೇಬರು ಪುಟ್ಟಸ್ವಾಮಿಯವರು ಬಂದರು, ಹಿಂದೆ ಕೊಡೆ ಹಿಡಿದು ಜವರೇಗೌಡರು. ರೇನ್‌ಕೋಟು ಕೊಡವಿ, ಬಾಗಿಲ ಮೊಳೆಗೆ ನೇತುಹಾಕಿ, ನನ್ನ ಸ್ಟೂಲಿನ ಮೇಲೆ ಕೂತರು. ಮಹೇಶನನ್ನು ಮಹಡಿಯಿಂದ ಕರೆಸಿದರು. ತೆಂಜಿನ್‌ನನ್ನು ಆಗಲೇ ಹೊಲದಿಂದ ಕರೆತಂದಿದ್ದರು, ಅವನ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

“ಗೌಡ್ರು ಏನೋ ಹೇಳ್ತಾವ್ರೆ” ಎಂದರು, ಅದೇ ಮೆತ್ತಗಿನ ದನಿಯಲ್ಲಿ. “ಕೇಬಲ್ ಕಡಿಯೋದು, ಪೊಲೀಸ್ ಬಂದ್ರೆ ಮುಗ್ಸೋದು ಅಂತ ಇಲ್ಲಿ ಮಾತಾಯ್ತಂತೆ.”

“ಊರ್ಗೆ ಕೆಟ್ಟದಾಗ್ಬಾರ್ದು ಅಂತ ಹೇಳ್ದೆ ಕನವ್ವ, ತಪ್ಪು ತಿಳ್ಕೋಬ್ಯಾಡ” ಎಂದು ಜವರೇಗೌಡರು ನನಗೆ ಕೈ ಮುಗಿದರು.

ಅದು ಆಟ ಸಾರ್ ಎಂದೆ. ಎಂಥ ಆಟ ಎಂದರು. ಹೇಳಲು ಹೊರಟರೆ ಹೇಳಿದಷ್ಟೂ ಕೆಡುತ್ತಿತ್ತು. ಕಂಪನಿ ಇದೆ ಸಾರ್, ನಿಜವಾದ ಕಂಪನಿ ಅಲ್ಲ. ಕನ್ನ ಹಾಕ್ತೀವಿ ಸಾರ್, ನಿಜವಾದ ಕನ್ನ ಅಲ್ಲ. ಮಹೇಶ ಓಡಿಹೋಗಿ ಜೆರಾಕ್ಸ್ ಹಾಳೆ ತಂದು ಕೊಟ್ಟ, ಅದರ ಮೊದಲ ಪುಟದಲ್ಲೇ ಕತ್ತರಿಸಿದ ತಂತಿ ಹಿಡಿದ ಮುಸುಕುಧಾರಿಯ ಚಿತ್ರವಿತ್ತು. ಹೆಡ್ ಸಾಹೇಬರು ಅದನ್ನೇ ಬಹಳ ಹೊತ್ತು ನೋಡಿದರು.

“ಆಟ ಆದ್ರೆ ಆಡಿ ನೋಡಾನ” ಎಂದರು. “ನನ್ನೂ ಸೇರಿಸ್ಕೊಳ್ಳಿ.”

ನಾನು ಮೇಜಿನ ಖಾನೆಯಿಂದ ನಾಲ್ಕು ಬೀಜ ತೆಗೆದಿಟ್ಟೆ. ಸರಿಯಾಗಿ ಆಡಿದರೆ ನಂಬಿಯಾರು, ಏನಾದರೂ ಬಚ್ಚಿಟ್ಟರೆ ನಂಬಲಾರರು ಎಂದು ತೆಂಜಿನ್‌ಗೂ ಅನ್ನಿಸಿರಬೇಕು. ನಿಯಮ ಬಿಡದೆ ಶುರು ಮಾಡಿದ.

“ನಿಮ್ಗೆ ಬರೋ ಕೆಲ್ಸ ಒಂದು ಹೇಳ್ಬೇಕು ಸಾರ್.”

“ಕಳ್ರನ್ನ ಹಿಡಿಯಾದು.”

“ನಿಮ್ ಭಯ ಒಂದು ಹೇಳ್ಬೇಕು ಸಾರ್.”

ಅವರು ಹೊರಗಿನ ಮಳೆ ನೋಡಿದರು. “ಮಗಳು ಊರಲ್ಲಿ, ಕೋಟೇಲವ್ಳೆ. ಚೊಚ್ಚಲು ಹೆರ್ಗೆಗೆ ಬಂದವ್ಳೆ” ಎಂದರು. “ಅದೇ ಅಂತ ಇಟ್ಕೊ.”

ಅವರು ಭಯವನ್ನು ಇಷ್ಟು ನೇರವಾಗಿ ಹೇಳಿಬಿಡುತ್ತಾರೆಂದು ನಾವು ಎಣಿಸಿರಲಿಲ್ಲ. ಪೊಲೀಸ್ ಅಲ್ಲವೆ, ಹಾವು ಗೀವು ಅನ್ನುತ್ತಾರೆ ಅಂದುಕೊಂಡಿದ್ದೆ. ಬೇಡ, ಇಲ್ಲಿಗೇ ನಿಲ್ಲಿಸು ಎಂದು ತೆಂಜಿನ್‌ಗೆ ಕಣ್ಣಲ್ಲೇ ಹೇಳಿದೆ. ಅವನು ನೋಡಲಿಲ್ಲ. ಸೇತುವೆ, ಮಳೆ, ಕತ್ತಲು, ಕೇಬಲ್ಲಿನ ಹತ್ತಿರ ಒಂದು ನೆರಳು ಎಂದು ಕತೆ ಶುರು ಮಾಡಿದ. ಹಿಡೀತೀನಿ ಎಂದರು ಹೆಡ್ ಸಾಹೇಬರು. ಬೀಜ ಹಾಕಿದರು. ನಾಲ್ಕೂ ಕಪ್ಪು.

“ಬಾರ ಬಿತ್ತು!” ಎಂದು ಜವರೇಗೌಡರು ಎಲ್ಲ ಮರೆತು ಕೈ ತಟ್ಟಿದರು. “ಗೆದ್ರಿ ಸಾಯೇಬ್ರೆ!” ಚೌಕಾಬಾರದಲ್ಲಿ ನಾಲ್ಕೂ ಕಪ್ಪಿಗೆ ಎಂಟು ಮನೆ, ಮೇಲೆ ಇನ್ನೊಂದು ಆಟ.

“ಇಲ್ಲ ಸಾರ್” ಎಂದ ತೆಂಜಿನ್. “ಈ ಆಟ್ದಲ್ಲಿ ಅದು ಬಿದ್ರೆ ನಿಮ್ ಭಯ ಬತ್ತದೆ.”

“ಬರ್ಲಿ. ಹೇಳು.”

“ಬ್ಯಾಡ ಸಾರ್.”

“ನಿಯ್ಮ ಅಂದ್ಯಲ್ಲ, ಹೇಳು.”

ಮಗಳಿಗೆ ಏನೋ ಆಯಿತು ಎನ್ನಲು ಅವನ ನಾಲಗೆ ಹೊರಳಲಿಲ್ಲ, ಅದು ನನಗೆ ಕಾಣುತ್ತಿತ್ತು. ಏನಾದರೂ ಸಣ್ಣದು ಹೇಳಿ ದಾಟಿಬಿಡಲು ನೋಡಿದ. “ನೀವು ಮನೆಗೆ ಪೋನ್ ಮಾಡ್ತೀರ ಸಾರ್” ಎಂದ. “ಆ ಕಡೆ ಹೊಡ್ಕೋತದೆ. ಹೊಡ್ಕೋತಾನೇ ಅದೆ. ಯಾರೂ ಎತ್ತಲ್ಲ.”

ಹೆಡ್ ಸಾಹೇಬರ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ಎದ್ದು ನಿಂತರು, ಸ್ಟೂಲು ಉರುಳಿತು. ಒಂದು ಸಣ್ಣ ಮಾತಿಗೆ ಅಷ್ಟು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

“ನಿನ್ ಭಯ ಏನ್ಲಾ?” ಎಂದರು. ಮೊದಲ ಸಲ ಅವರ ದನಿ ಏರಿತ್ತು.

“ಆಡ್ಸೋನ್ಗೆ ಭಯ ಇಲ್ಲ ಸಾರ್, ನಿಯ್ಮ ಅಂಗದೆ.”

“ನಿಯ್ಮ ಬುಡು. ನಿಂದೇನು ಹೇಳು.”

ತೆಂಜಿನ್ ತಲೆ ಎತ್ತಿದ. “ನೀವೇ ಸಾರ್” ಎಂದ.

ಹೆಡ್ ಸಾಹೇಬರು ಕೈ ಚಾಚಿದರು. ತೆಂಜಿನ್ ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಆರ್‌ಸಿ ತೆಗೆದುಕೊಟ್ಟ. ಅದನ್ನೂ ಆ ನಾಲ್ಕು ಬೀಜಗಳನ್ನೂ ಒಟ್ಟಿಗೆ ತಮ್ಮ ಜೇಬಿಗೆ ಹಾಕಿಕೊಂಡು, “ಕಳ್ರು ಸಿಕ್ಕೋಗಂಟ ನನ್ತಾವ ಇರ್ಲಿ” ಎಂದು ಮಳೆಯೊಳಗೆ ಇಳಿದು ಹೋದರು.

ಮಾರನೇ ದಿನ ಮಹೇಶ ಭೇರ್ಯಕ್ಕೆ ನಾಟಿ ಕೆಲಸಕ್ಕೆಂದು ಹೋದ. ಹುಟ್ಟಿದಾಗಿನಿಂದ ಒಂದು ಪೈರು ನೆಟ್ಟವನಲ್ಲ, ಈಗ ಗದ್ದೆಯೇ ಉಸಿರು. ಬೈಯಲು ಮನಸ್ಸು ಬರಲಿಲ್ಲ, ನನಗೂ ಹೋಗಲೊಂದು ಭೇರ್ಯ ಇದ್ದಿದ್ದರೆ ಹೋಗುತ್ತಿದ್ದೆ. ಸುದ್ದಿ ತಿಳಿದು ಮಾವ ಬ್ಯಾರನ್ನಿನ ಬೆಂಕಿ ಬಿಟ್ಟು ಓಡಿ ಬಂದರು. ಬಟ್ಟೆ ತುಂಬ ಸೊಪ್ಪಿನ ವಾಸನೆ. “ಮದ್ವೆ ಆಗ್ಬೇಕಾದ ಹೆಣ್ಣು ಪೊಲೀಸ್ ಬಾಯ್ಗೆ ಬೀಳಾದೇನವ್ವ” ಎಂದು ತಲೆ ಹಿಡಿದು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ “ಆ ಹುಡುಗಂದು ಏನಾರ ಎಚ್ಚುಕಮ್ಮಿ ಆದ್ರೆ ಅವರವ್ವಂಗೆ ಏನ್ ಹೇಳನ?” ಎಂದರು. ಆ ಪ್ರಶ್ನೆಯೂ ಆ ವಾಸನೆಯೂ ನನ್ನೊಳಗೆ ಒಟ್ಟಿಗೇ ಉಳಿದುಕೊಂಡವು.

ತೆಂಜಿನ್‌ನ ಅವ್ವ ಮಾರನೇ ದಿನ ತಾವೇ ಬಂದರು. ಸೊಂಟಕ್ಕೆ ಕಟ್ಟಿದ ಪಟ್ಟೆಪಟ್ಟೆಯ ಏಪ್ರನ್ನು, ಕೈಯಲ್ಲಿ ಜಪಮಣಿ. ಸತ್ತ ಫೋನಿನ ಎದುರು ಬೆಂಚಿನ ಮೇಲೆ ಕೂತರು. ಬೈಯಲಿಲ್ಲ, ಅಳಲಿಲ್ಲ. ಜಪಮಣಿ ಎಣಿಸುತ್ತಲೇ “ಪುಸ್ತಕ ಕೊಡಿಸು” ಎಂದರು. ಕೊಡಿಸ್ತೀನಿ ಅಮ್ಮ ಎಂದೆ. ಹೇಗೆ ಎಂದು ಕೇಳಲಿಲ್ಲ. ಅವರು ಎದ್ದು ಹೋದ ಮೇಲೆ ಬೆಂಚಿನ ಮೇಲೆ ಒಂದು ಗಂಟು ಹಸಿ ಜೋಳದ ತೆನೆ ಇತ್ತು. ಅದನ್ನು ನೋಡಿ ನಾನು ಅತ್ತೆ.

ತೆಂಜಿನ್ ಹೊಲ ಬಿಟ್ಟು ರಸ್ತೆಗೆ ಬರಲಿಲ್ಲ. ಅಷ್ಟರಲ್ಲಿ ಕಾವೇರಿ ಏರಿತು. ನೀರು ಸೇತುವೆಗೆ ತಾಗುವಂತಾಗಿ, ಜನ ದಾಟದಂತೆ ಪೊಲೀಸರನ್ನು ಬಂದೋಬಸ್ತಿಗೆ ನಿಲ್ಲಿಸಿದರು. ಹೆಡ್ ಸಾಹೇಬರೂ ಹಗಲೆಲ್ಲ ಅಲ್ಲೇ ನಿಂತಿದ್ದರಂತೆ. ಕೇಬಲ್ ರಿಪೇರಿಯೂ ನಿಂತಿತು. ನಾನು ದಿನಾ ಬೂತು ತೆಗೆದು, ಸತ್ತ ಫೋನು ಕಾಯುತ್ತ 'ಅದೇ ಅಂತ ಇಟ್ಕೊ' ಎಂಬ ಮಾತನ್ನೇ ನೆನೆಯುತ್ತಿದ್ದೆ. ಕೋಟೆಯಲ್ಲಿ ಆ ಹುಡುಗಿಗೆ ಏನಾದರೂ ಆಗಿಬಿಟ್ಟರೆ? ಆಗ ತೆಂಜಿನ್ ಕೇಬಲ್ ಕಳ್ಳ ಮಾತ್ರ ಆಗಿರುವುದಿಲ್ಲ, ಬಾಯಿಂದ ಅಂದು ಕೆಡುಕು ಮಾಡಿದವನಾಗುತ್ತಾನೆ. ಕಂಡರಿಯದ ಒಬ್ಬ ಬಸುರಿಗಾಗಿ ನಾನು ಹರಕೆ ಹೊತ್ತೆ. ನಿಜ ಹೇಳಬೇಕೆಂದರೆ ಆ ಹರಕೆಯಲ್ಲಿ ಅರ್ಧ ತೆಂಜಿನ್‌ಗೆ, ಇನ್ನರ್ಧ ನನಗೆ.

ನೀರು ಇಳಿದು ಲೈನ್‌ಮನ್‌ಗಳು ಕೆಲಸ ಮುಗಿಸಿದ ಬೆಳಿಗ್ಗೆ, ಹೇಳದೆ ಕೇಳದೆ ಫೋನು ಕಿರುಚಿತು. ನಾನು ಸ್ಟೂಲಿನಿಂದ ಹಾರಿಬಿದ್ದೆ.

“ಪುಟ್ಟಸ್ವಾಮಣ್ಣೋರ್ನ ಕರೀರವ್ವ” ಎಂದಿತು ಹೆಂಗಸಿನ ದನಿ. ಎಚ್.ಡಿ. ಕೋಟೆ. ಹಿಂದೆ ಯಾರದೋ ಗದ್ದಲ. “ವಾರ್ದಿಂದ ಮಾಡ್ತಾ ಇವ್ನಿ, ಲೈನೇ ಇಲ್ಲ.”

“ಮಗಳು ಹೆಂಗವ್ರೆ ಅಕ್ಕ?” ಎಂದೆ. ನನ್ನ ದನಿ ನನ್ನದಾಗಿರಲಿಲ್ಲ.

“ಅವರ್ನೇ ಕರೀರವ್ವ. ಅವರ್ಗೇ ಹೇಳ್ಬೇಕು. ಅರ್ಧ ಗಂಟೆ ಬುಟ್ಟು ಮಾಡ್ತೀನಿ.” ಫೋನು ಇಟ್ಟುಬಿಟ್ಟಳು.

ಕರೆಯಲು ಕಳಿಸಲು ಯಾರೂ ಇರಲಿಲ್ಲ. ನಾನೇ ಹೋದೆ. ಸಂತೆಮಾಳ ದಾಟುವಾಗ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಆಟದಲ್ಲಿ ಯಾವ ಸಾಹೇಬನ ದನಿಯನ್ನಾದರೂ ಮಾಡುತ್ತಿದ್ದವಳು, ಠಾಣೆ ಬಾಗಿಲಲ್ಲಿ “ಸಾರ್, ನಿಮ್ಗೆ ಪೋನು” ಎನ್ನಲು ಎರಡು ಸಲ ಬಾಯಿ ತೆಗೆಯಬೇಕಾಯಿತು. ಅವರು ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಬಂದರು.

ಮತ್ತೆ ಫೋನು ಬಂದಾಗ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜಿನಾಚೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಭಯ ಇದೇ ಅಲ್ಲವೆ ಅನ್ನಿಸಿತು, ಬರೀ ನಾನು ಆಚೆ ಕಡೆ ನಿಂತಿದ್ದೆ. ಅವರ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹೊರಗೆ ಬಂದು ಕರವಸ್ತ್ರದಿಂದ ಮುಖ ಒರೆಸಿದರು. “ಹೆಣ್ಮಗು” ಎಂದರು. “ಇಬ್ರೂ ಚೆನ್ನಾಗವ್ರೆ.”

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವರೂ ಕೂತರು.

“ಅವತ್ತು ನಿಮ್ ಆಟಕ್ಕೆ ಬರೋಕ್ ಮುಂಚೆ ಕುಸಾಲ್ನಗರಕ್ಕೋಗಿ ಮನೆಗೆ ಪೋನ್ ಮಾಡಿದ್ದೆ ಕನವ್ವ” ಎಂದರು. “ಹೊಡ್ಕೋತಾನೇ ಇತ್ತು, ಯಾರೂ ಎತ್ಲಿಲ್ಲ. ಎಲ್ಲಾ ಆಸ್ಪತ್ರೆಗೋಗಿದ್ರಂತೆ. ನಂಗದು ಗೊತ್ತಾ? ಎದೇಲಿ ಕಲ್ಲಿಟ್ಕೊಂಡು ಬಂದ್ರೆ ಆ ಹುಡ್ಗ ಅದ್ನೇ ಹೇಳ್ಬುಡದಾ? ಮಾರ್ನೆ ದಿನ್ವೂ ಯಾರೂ ಎತ್ಲಿಲ್ಲ, ಆಮೇಲೆ ಸೇತುವೆ ಮುಚ್ಚೋಯ್ತು.” ಮತ್ತೆ ಕೇಳಿದರು: “ಅವನ್ಗೆ ಅದೆಂಗೆ ಗೊತ್ತಾಯ್ತವ್ವ?”

“ಗೊತ್ತಿರ್ಲಿಲ್ಲ ಸಾರ್” ಎಂದೆ. “ದೊಡ್ಡದು ಏನೂ ಹೇಳ್ಬಾರ್ದು ಅಂತ ಅಷ್ಟನ್ನೇ ಹೇಳ್ದ.”

ಅವರು ಜೇಬಿಗೆ ಕೈ ಹಾಕಿ ಆರ್‌ಸಿ ತೆಗೆದು ಮೇಜಿನ ಮೇಲಿಟ್ಟರು. ಅದರ ಜೊತೆ ಬೀಜಗಳೂ ಉರುಳಿದವು. “ಎಲ್ಲೂ ಬರ್ಕೊಂಡಿಲ್ಲ. ಠಾಣೇಲಿ ಇಟ್ಟೂ ಇಲ್ಲ. ಕೊಟ್ಬುಡು” ಎಂದರು. ಕಳ್ಳರು ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಒಬ್ಬ ಮನುಷ್ಯನ ಇಡೀ ಊರು ಕೇರಿ ಇನ್ನೊಬ್ಬ ಮನುಷ್ಯನ ಜೇಬಿನಲ್ಲಿ, ಎಲ್ಲೂ ಬರೆಯದೆ, ಅಷ್ಟು ದಿನ ಓಡಾಡಿಕೊಂಡಿತ್ತು ಎಂದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅವತ್ತು ಮಾತ್ರ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಗಿತ್ತು.

ಬೂತಿಗೆ ಬೀಗ ಹಾಕಿ ಕ್ಯಾಂಪಿಗೆ ಓಡಿದೆ. ತೆಂಜಿನ್ ಜೋಳದ ಸಾಲಿನ ಮಧ್ಯೆ ಕಳೆ ಕೀಳುತ್ತಿದ್ದ. ಆರ್‌ಸಿ ನೋಡಿದವನು ಕೈ ಮುಂದೆ ಮಾಡಲಿಲ್ಲ, ಮೊದಲು ಹೋಗಿ ಕೆಸರು ತೊಳೆದುಕೊಂಡು, ಅಂಗಿಗೆ ಒರೆಸಿಕೊಂಡು ಬಂದ. ಒಂದೊಂದೇ ಪುಟ ತಿರುಗಿಸಿ ಕೊನೆಯವರೆಗೆ ನೋಡಿದ. ಯಾವ ಕೆಂಪು ಗೆರೆಯೂ ಇರಲಿಲ್ಲ. ಆಮೇಲೆ ನಾನು ಬೀಜಗಳನ್ನು ಕೊಟ್ಟೆ. ಅವನ್ನು ಜೋಳದ ಹೊಲದೊಳಕ್ಕೆ ದೂರ ಎಸೆದುಬಿಟ್ಟ. ಉಜ್ಜಿದ ಬೀಜ, ಮೊಳೆಯಲೂ ಇಲ್ಲ. ನಾವು ಮತ್ತೆ ತಂತಿ ಆಟ ಆಡಲಿಲ್ಲ.

ಹೋದ ಆಗಸ್ಟ್‌ನಲ್ಲಿ ಆ ವಾಸನೆ ಬಂದ ಮೇಲೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಕೊಪ್ಪದಲ್ಲಿ ಇಳಿದೆ. ಬೂತಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ತೆಂಜಿನ್ ಎದುರು ಸಾಲಿನಲ್ಲಿ ಟೋಪಿ ಸ್ವೆಟರಿನ ಅಂಗಡಿ ಇಟ್ಟಿದ್ದಾನೆ, ತಲೆ ಅರ್ಧ ನೆರೆತಿದೆ. ಟೀ ತರಿಸಿದ. ಮಹೇಶನ ನಾಟಿ ಕೆಲಸವನ್ನು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಆ ಹೆಡ್ ಸಾಹೇಬರ ಮೊಮ್ಮಗಳಿಗೆ ಈಗ ಎಷ್ಟು ವಯಸ್ಸಾಗಿರಬಹುದು ಎಂದು ಲೆಕ್ಕ ಹಾಕಿದೆವು. ಎಲ್ಲ ಹಳೆಯದು, ಎಲ್ಲ ಮುಗಿದದ್ದು ಎಂಬ ಹಾಗೆ ಮಾತಾಡುತ್ತಿದ್ದೆವು.

ಆಗ ಒಬ್ಬ ಪೊಲೀಸ್ ಹುಡುಗ ಬೈಕು ನಿಲ್ಲಿಸಿ ಅಂಗಡಿಯೊಳಕ್ಕೆ ಬಂದ. ಇಪ್ಪತ್ತೈದೂ ದಾಟಿರಲಾರದು. “ಅಣ್ಣ, ಮಗೂಗೆ ಒಂದು ಟೋಪಿ ಕೊಡಿ” ಎಂದ. ತೆಂಜಿನ್ ನಗುತ್ತಲೇ ಎದ್ದು ಬಲಗೈಯಿಂದ ಟೋಪಿಗಳ ಕಟ್ಟು ಇಳಿಸಿದ. ಎಡಗೈ ಅಷ್ಟರಲ್ಲಿ ಅಂಗಿ ಜೇಬಿಗೆ ಹೋಗಿ, ಒಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದ ಪುಸ್ತಕವನ್ನು ಮುಟ್ಟಿ, ಅಲ್ಲೇ ನಿಂತಿತ್ತು. ಹುಡುಗ ಟೋಪಿ ಆರಿಸಿ ಹೋಗುವವರೆಗೂ ಕೆಳಗಿಳಿಯಲಿಲ್ಲ.